ನಲವತ್ತೆರಡು ಪರೀಕ್ಷೆ, ಒಂದು ತೆಂಗಿನಕಾಯಿ

“ಸೋರಿಕೆ ಹಿಡಿಯೋದ್ರಲ್ಲಿ ನನ್ನನ್ನ ಮೀರಿಸೋರು ಇಡೀ ಹ್ಯೂಸ್ಟನ್‌ನಲ್ಲೇ ಇಲ್ಲ!” ಎಂದು ಹಯಗ್ರೀವ ಭಾನುವಾರ ಕಾಫಿ ಲೋಟ ಎತ್ತಿ ಘೋಷಿಸಿಬಿಟ್ಟ. ಸುಳ್ಳೇನಲ್ಲ. ಬಾಹ್ಯಾಕಾಶಕ್ಕೆ ಹೋಗುವ ಯಂತ್ರಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕಿ ತೆಗೆಯುವುದೇ ಕ್ಲಿಯರ್ ಲೇಕ್‌ನ ಆಫೀಸಿನಲ್ಲಿ ಅವನ ಉದ್ಯೋಗ. ಅಂಥ ಮಹಾಶಯನಿಗೆ ಇಪ್ಪತ್ತೆರಡು ವರ್ಷ ಹಳೆಯ ಕ್ಯಾಂಪರ್ ಯಾವ ಲೆಕ್ಕ? ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸುವ ಪುಟ್ಟ ಮನೆ ಅದು. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು! ಟ್ರಕ್ಕು ಆಗಲೇ ಮನೆ ಮುಂದೆ ನಿಂತಿತ್ತು. ಅದರ ಬೆನ್ನಿಗೆ ಮನೆ ಬರುವುದೊಂದೇ ಬಾಕಿ.

ಹೆಂಡತಿ ವಸುಧಾ ಮಾತ್ರ ಹಿಗ್ಗಲಿಲ್ಲ. “ನೀವು ತಂದ ಹಳೇ ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗ್ತಿದೆ. ಹಳೇ ಡಿಶ್‌ವಾಷರ್ ಪಾತ್ರೆ ಬಿಟ್ಟು ಅಡುಗೆಮನೇನೆಲ್ಲ ತೊಳೀತು. ಇದೇ ಕೊನೆ ಸಲ ರೀ. ಇದ್ರಲ್ಲೂ ಹುಳುಕು ಸಿಕ್ರೆ, ಸೆಕೆಂಡ್‌ಹ್ಯಾಂಡ್ ಅನ್ನೋ ಮಾತು ಈ ಮನೇಲಿ ಎತ್ತೋ ಹಾಗಿಲ್ಲ!”

“ಒಪ್ಪಿದೆ!”

ವಸುಧಾ ಚೀಲಕ್ಕೆ ಕುಂಕುಮ, ನಿಂಬೆಹಣ್ಣು, ತೆಂಗಿನಕಾಯಿ ಹಾಕಿಕೊಂಡಳು. “ಇವತ್ತೇ ತಗೊಳ್ಳೋದಾದ್ರೆ ನಾಲ್ಕೂವರೆ ಒಳಗೆ ಕಾಯಿ ಒಡೀಬೇಕು. ಆಮೇಲೆ ರಾಹುಕಾಲ.”

“ಇಂಜಿನಿಯರಿಂಗಿಗೆ ರಾಹುಕಾಲ ಇಲ್ಲ ಕಣೆ!”

ದ ವುಡ್‌ಲ್ಯಾಂಡ್ಸ್‌ನಲ್ಲಿ ಕ್ಯಾಂಪರ್ ಮಾರುತ್ತಿದ್ದವನು ಡ್ವೇನ್ ಎಂಬ ಸಾಧು ಮುದುಕ. ಹಯಗ್ರೀವ ತಲೆಗೆ ಟಾರ್ಚ್ ಕಟ್ಟಿಕೊಂಡು ದಂಡಯಾತ್ರೆಗೆ ಹೊರಟೇಬಿಟ್ಟ! ಏಣಿ ಹತ್ತಿ ಸೂರು ತಡವಿದ. ಕಪಾಟುಗಳಲ್ಲಿ ತಲೆ ತೂರಿಸಿ ಮೂಸಿದ. ಒಲೆ ಹಚ್ಚಿದ, ನಲ್ಲಿ ತಿರುಗಿಸಿದ, ಗೋಡೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದ. ಪಟ್ಟಿಯಲ್ಲಿದ್ದ ನಲವತ್ತೆರಡೂ ಪರೀಕ್ಷೆಗಳಲ್ಲಿ ಪಾಸ್!

“ಅಬ್ಬಾ, ನಾನು ಕೊಂಡಾಗ ಇದರಲ್ಲಿ ಒಂದನ್ನೂ ನೋಡಿರಲಿಲ್ಲ,” ಎಂದ ಡ್ವೇನ್.

ವಸುಧಾ ಕ್ಯಾಂಪರಿನ ಹಿಂಬಾಗಿಲ ಪಕ್ಕದ ಗೋಡೆ ನೋಡುತ್ತಾ ನಿಂತಿದ್ದಳು. “ರೀ, ಈ ನಕ್ಷತ್ರದ ಸ್ಟಿಕ್ಕರ್ ಯಾಕೆ ಇಷ್ಟು ದೊಡ್ಡದು?”

“ಟೆಕ್ಸಸ್ ಕಣೆ ಇದು! ಇಲ್ಲಿನ ಬಾವುಟದಲ್ಲೇ ನಕ್ಷತ್ರ ಇದೆ. ಅಭಿಮಾನ! ಅದಕ್ಕೇ ನಾನು ಅದರ ಮೇಲೆ ಬೆರಳು ಕೂಡ ಇಡಲಿಲ್ಲ.”

ಡ್ವೇನ್ ಕಾಗದಪತ್ರ ತರಲು ತನ್ನ ಮನೆಯೊಳಗೆ ಹೋದ. ಗಂಟೆ ನಾಲ್ಕೂ ಇಪ್ಪತ್ತು. “ಕಾಗದ ಆಮೇಲೆ. ಮೊದ್ಲು ಕಾಯಿ!” ಎಂದಳು ವಸುಧಾ. ಖುಷಿಯಲ್ಲಿ ತೇಲುತ್ತಿದ್ದ ಹಯಗ್ರೀವ ವಾದಿಸಲಿಲ್ಲ. ಸುತ್ತ ಎಲ್ಲಿ ನೋಡಿದರೂ ಮೆತ್ತನೆ ಹುಲ್ಲು. ಗಟ್ಟಿ ಇದ್ದದ್ದು ಹಿಂಬಾಗಿಲ ಕೆಳಗಿನ ಕಬ್ಬಿಣದ ಮೆಟ್ಟಿಲೊಂದೇ. ಮೂರು ಸಲ ನಿವಾಳಿಸಿ, ರಾಕೆಟ್ ಹಾರಿಸುವವನ ಗತ್ತಿನಲ್ಲಿ ಎಣಿಸಿದ. “ಮೂರು... ಎರಡು... ಒಂದು!”

ಢಣ್!

ಕಾಯಿ ಒಡೆಯಲಿಲ್ಲ. ಪುಟಿಯಿತು! ಪುಟಿದದ್ದೇ ನಕ್ಷತ್ರದ ನಟ್ಟನಡುವೆ ತೂರಿಕೊಂಡು ಹೋಗಿ ಒಳಗಿನ ಹಾಸಿಗೆಯ ಮೇಲೆ ಪವಡಿಸಿತು. ತೂತಿನಿಂದ ಕೊಳೆತ ಹಲಗೆ ನೆನೆದ ರಸ್ಕಿನಂತೆ ಕಪ್ಪಗೆ ಉದುರತೊಡಗಿತು. ಜೊತೆಗೆ ಗಬ್ಬು ನಾತ! ಎಷ್ಟು ವರ್ಷದಿಂದ ಗೋಡೆಯೊಳಗೆ ಮಳೆನೀರು ಇಳಿದಿತ್ತೋ!

ಕಾಗದ ಹಿಡಿದು ಬಂದ ಡ್ವೇನ್ ಮೆಟ್ಟಿಲ ಮೇಲೆ ಕುಸಿದು ಕುಳಿತ. “ಆ ಸ್ಟಿಕ್ಕರ್ ನಾನು ಕೊಳ್ಳುವಾಗಲೇ ಇತ್ತು! ನನಗೂ ಟೋಪಿ ಹಾಕಿದ್ದಾರೆ!”

“ವಸು, ಇದೊಂದು ಗೋಡೆ ರಿಪೇರಿ ಮಾಡಿಸ್ಕೊಂಡ್ರೆ...”

“ರೀ...” ಎಂದಳು ವಸುಧಾ. ಅಷ್ಟೇ. ಹಯಗ್ರೀವ ಪಟ್ಟಿಯನ್ನು ಮಡಿಸಿ ಜೇಬಿಗೆ ಸೇರಿಸಿದ. ನಿಜಕ್ಕೂ ಅಳು ಬಂದಂತಾಗಿತ್ತು.

ಅವಳು ಒಳಗೆ ಹೋಗಿ ಕಾಯಿ ಎತ್ತಿ ತಂದು ದುಪಟ್ಟಾದಿಂದ ಒರೆಸಿದಳು. ಒಂದು ಗೀರೂ ಬಿದ್ದಿರಲಿಲ್ಲ. ಡ್ವೇನ್ ಅದನ್ನೇ ಭಕ್ತಿಯಿಂದ ನೋಡುತ್ತಾ ಎದ್ದು ನಿಂತ.

“ಮೇಡಂ, ಮುಂದಿನ ಶನಿವಾರ ನಾನೊಂದು ಹಳೆಯ ದೋಣಿ ನೋಡೋಕೆ ಹೋಗ್ಬೇಕು. ಇದನ್ನ ತಗೊಂಡು ನೀವು ಬರ್ತೀರಾ?”

ಹಯಗ್ರೀವನ ಮುಖ ಅರಳಿತು. “ದೋಣಿನಾ? ಸೋರಿಕೆ ನೋಡೋಕೆ ನಾನೂ ಬರ್ತೀನಿ!”

“ಬನ್ನಿ ಬನ್ನಿ,” ಎಂದಳು ವಸುಧಾ, ಕಾಯಿಯನ್ನು ಚೀಲಕ್ಕಿಳಿಸಿ ಅವನ ಕೈಗೆ ಕೊಡುತ್ತಾ. “ಚೀಲ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ!”