ಎದುರು ಫ್ಲ್ಯಾಟಿನ ಹುಡುಗಿ ಮಡಿ ಹಿಡಿದದ್ದು

ಲಂಡನ್ನಿಗೆ ಬಂದ ಮೇಲೆ ಮಡಿ-ಮೈಲಿಗೆಯ ರಗಳೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಎಜ್‌ವೇರಿನ ನಮ್ಮ ಎದುರು ಫ್ಲ್ಯಾಟಿಗೆ ಆ ಯಹೂದಿ ಹುಡುಗಿ ಬಂದದ್ದೇ ಬಂದದ್ದು, ವಾರಕ್ಕೊಂದು ಪ್ರಸಂಗ. ಇಪ್ಪತ್ಮೂರು ವಯಸ್ಸು. ಅವಳ ಅಮ್ಮನಿಗೆ ದೇವರು-ದಿಂಡರು ಅಂದರೆ ಆಗದು. ಇವಳು ಮಾತ್ರ, "ನಮ್ಮ ಆಚಾರ ಏನು ಅಂತ ನಾನೇ ಕಲೀತೀನಿ" ಅಂತ ಹೊರಟಿದ್ದಳು.

1. ಚಮಚ

ಒಂದು ಸಂಜೆ ಚಮಚ ಹಿಡಿದು ಓಡಿಬಂದಳು. ನಮ್ಮ ಪಕ್ಕದ ಮನೆಯ ಮಕ್ಕಳನ್ನು ನೋಡಿ ಅವಳೂ ನನ್ನನ್ನು ಆಂಟಿ ಅನ್ನುತ್ತಿದ್ದಳು.

"ಆಂಟಿ, ಹಾಲಿನ ಚಮಚ ಮಾಂಸದ ಸಾರಿಗೆ ಬಿದ್ದುಬಿಡ್ತು! ಎರಡೂ ಸೇರಬಾರದು. ನೀವಾದರೆ ಏನು ಮಾಡ್ತೀರಿ?"

"ನಾವು ಮಾಂಸವನ್ನೇ ತಿನ್ನೋದಿಲ್ಲ ಮಾರಾಯ್ತಿ."

ಅವಳ ಮುಖ ಅರಳಿತು. "ಎಷ್ಟು ಸುಲಭ!"

ಮರುದಿನದಿಂದ ಅವಳೂ ಸಸ್ಯಾಹಾರಿ. ಸುಲಭವಾದದ್ದು ಅವಳಿಗೆ. ನನಗೆ ದಿನಾ ನಾಲ್ಕು ದೋಸೆ ಜಾಸ್ತಿ.

2. ಕತ್ತಲೆ

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಸಂಜೆಯವರೆಗೆ ಯಹೂದಿಗಳ ವಿಶ್ರಾಂತಿಯ ದಿನ; ಆಗ ಅವರು ಸ್ವಿಚ್ ಒತ್ತುವಂತಿಲ್ಲ. ಒತ್ತು ಅಂತ ಇನ್ನೊಬ್ಬರಿಗೆ ನೇರವಾಗಿ ಹೇಳುವಂತೆಯೂ ಇಲ್ಲವಂತೆ. ಇದು ನನಗೇನು ಗೊತ್ತು? ಒಂದು ಶನಿವಾರ ಬೆಳಗ್ಗೆ ಬಾಗಿಲು ಬಡಿದಳು.

"ಆಂಟಿ, ನಮ್ಮ ಬಾತ್‌ರೂಮ್ ತುಂಬಾ ಕತ್ತಲೆ."

"ಅಯ್ಯೋ ಪಾಪ."

"ತುಂಬಾ ಅಂದ್ರೆ ತುಂಬಾ."

"ಬಲ್ಬ್ ಹೋಗಿರಬೇಕು. ಮನೆ ಮಾಲೀಕರಿಗೆ ಫೋನ್ ಮಾಡು."

"ಫೋನೂ ಮಾಡೋ ಹಾಗಿಲ್ಲ!"

ಪೇಪರ್ ಓದುತ್ತಿದ್ದ ನಮ್ಮವರು ಸುಮ್ಮನೆ ಎದ್ದು ಹೋಗಿ ಲೈಟ್ ಹಾಕಿ ಬಂದರು.

"ನಿಮಗೆ ಹೇಗೆ ಅರ್ಥವಾಯ್ತು?" ಅಂದೆ.

"ಇಪ್ಪತ್ತು ವರ್ಷದಿಂದ ನೀನು ನನಗೆ ಕೆಲಸ ಹೇಳೋದೇ ಹೀಗಲ್ಲವಾ?"

3. ಅಮ್ಮ

ಅವಳಮ್ಮ ಒಂದು ದಿನ ಕೋಳಿ ಸೂಪು ಮಾಡಿ ತಂದರು. ಮಗಳು ಮುಟ್ಟಲಿಲ್ಲ. "ನನ್ನ ಅಡುಗೆ ತಿಂದೇ ಇಷ್ಟುದ್ದ ಬೆಳೆದಿದ್ದೀಯ!" ಅಂತ ಕೂಗಾಡಿ ಪಾತ್ರೆ ಸಮೇತ ಹೊರಟವರು ಎರಡು ತಿಂಗಳು ಇತ್ತ ತಲೆ ಹಾಕಲಿಲ್ಲ. ಹುಡುಗಿ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು.

ಕೊನೆಗೆ ಒಂದು ಶುಕ್ರವಾರ ತಾನೇ ಅಡುಗೆ ಮಾಡಿ ಅಮ್ಮನನ್ನೂ ನಮ್ಮನ್ನೂ ಕರೆದಳು. ಅಮ್ಮ ಬಂದರು, ಆದರೆ ಕೋಟನ್ನೂ ಬಿಚ್ಚದೆ, "ನನಗೆ ಇದೊಂದೂ ಬಾರದು. ಬೇಗ ಮುಗಿಸು" ಅಂತ ಬಿಗುಮಾನದಲ್ಲಿ ಕೂತರು.

ಸೂರ್ಯ ಮುಳುಗುವ ಮೊದಲು ಮಗಳು ಎರಡು ಮೇಣದಬತ್ತಿ ಹಚ್ಚಿ, ಕಣ್ಣಿಗೆ ಕೈ ಮುಚ್ಚಿಕೊಂಡು ಹೀಬ್ರೂ ಪ್ರಾರ್ಥನೆ ಶುರುಮಾಡಿದಳು. ಅರ್ಧಕ್ಕೆ ಮರೆತೇಹೋಯಿತು. ಮತ್ತೆ ಮೊದಲಿಂದ ಹೇಳಿದಳು, ಅಲ್ಲಿಗೇ ನಿಂತಳು.

ಆಗ ಹಿಂದಿನಿಂದ ಮೆಲ್ಲಗೆ ಒಂದು ದನಿ. ಕೋಟು ಹಾಕಿಕೊಂಡೇ ಅಮ್ಮ ಕಣ್ಣು ಮುಚ್ಚಿ, ಬಿಟ್ಟಲ್ಲಿಂದ ಹಿಡಿದು ಎಲ್ಲೂ ತಡವರಿಸದೆ ಮುಗಿಸಿದರು.

ಮಗಳು ಬಾಯಿ ಬಿಟ್ಟುಕೊಂಡು ನಿಂತಳು. "ಅಮ್ಮಾ! ನಿನಗೆ ಬರುತ್ತಾ?"

ಅಮ್ಮ ಕಣ್ಣೊರೆಸಿಕೊಂಡು ಸಿಡುಕಿದರು: "ಪ್ರತಿ ಶುಕ್ರವಾರ ನನ್ನಜ್ಜಿ ಹೇಳಿಸ್ತಿದ್ದಳು. ಇದು ನಿನ್ನ ಕಿವಿಗೆ ಬೀಳದ ಹಾಗೆ ಬೆಳೆಸೋಕೆ ನಾನೆಷ್ಟು ಕಷ್ಟಪಟ್ಟಿದ್ದೆ ಗೊತ್ತಾ?"