ಗೋಡೆಯನ್ನು ಕೂರಿಸಿದ ದಿನ

ತೊಂದರೆ ಶುರುವಾದದ್ದು ಒಂದು ಜೊತೆ ಹೊಸ ಗ್ಲೌಸಿನಿಂದ.

ಆ ಗೋಲ್‌ಕೀಪರನನ್ನು ಊರೆಲ್ಲ ಗೋಡೆ ಎಂದೇ ಕರೆಯುತ್ತಿತ್ತು. ತಾನು ಬಾಳುತ್ತಿರುವುದು ಬಸ್ ಓಡಿಸುವ ಗೆಳೆಯನ ಜೊತೆ, ಪ್ರೀತಿಸುವುದೂ ಅವನನ್ನೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದ ವಾರವೇ ಕ್ಲಬ್ಬು ಅವನನ್ನು ತಂಡದಿಂದ ಕೈಬಿಟ್ಟಿತು. ಗೋಡೆ ಜಗ್ಗಲಿಲ್ಲ, ವರ್ಷವಿಡೀ ಕೇಸು ನಡೆಸಿ ಗೆದ್ದ. ಅವನನ್ನು ನೋಡಿ ಬೇರೆ ಕ್ಲಬ್ಬಿನ ಆಟಗಾರರೂ ಧೈರ್ಯವಾಗಿ ಬಾಯಿಬಿಟ್ಟರು. ಸಲಿಂಗಪ್ರೇಮಿಗಳ ಹಕ್ಕಿನ ಸಂಘದಲ್ಲಿ ಮೊದಲು ಜನಕ್ಕಿಂತ ಕುರ್ಚಿಗಳೇ ಹೆಚ್ಚಿದ್ದವು, ಈಗ ನಿಲ್ಲಲೂ ಜಾಗವಿಲ್ಲ. ಹೆಮ್ಮೆಪಡಬೇಕಾದ ಮಾತೇ.

ಅವನು ಮತ್ತೆ ಮೈದಾನಕ್ಕಿಳಿಯುವ ದಿನ ಬೆಳಗ್ಗೆಯೇ ಸಂಘದ ಅಧ್ಯಕ್ಷೆ ಮನೆಗೆ ಬಂದರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಹಿಡಿದದ್ದನ್ನು ಕೀಳದೆ ಬಿಟ್ಟವರಲ್ಲ. ಅವನ ಹಳೆಯ ಗ್ಲೌಸನ್ನು ಸಂಘದ ಗಾಜಿನ ಬೀರುವಿನಲ್ಲಿಡಬೇಕೆಂದು ಒಯ್ದರು, ಅದು ಇತಿಹಾಸವಂತೆ. ಬದಲಿಗೆ ಸದಸ್ಯರೆಲ್ಲ ಸೇರಿ ಕೊಂಡ ಹೊಸದನ್ನು ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಲಾದೀತೇ? ಅದೋ ಎಣ್ಣೆ ಸವರಿದ ಬಾಣಲೆಯಂತೆ ಜಾರುತ್ತಿತ್ತು.

ಮೊದಲ ಗೋಲು ಕೈಯಿಂದ ಜಾರಿತು. ಎರಡನೆಯದು ಕಾಲ ಸಂದಿಯಲ್ಲಿ ನುಸುಳಿತು. ಮೂರನೆಯದನ್ನು ಅವನೇ ಒಳಗೆ ತಳ್ಳಿದನೆಂದರೂ ಸುಳ್ಳಲ್ಲ. ಪ್ರತಿ ಸಲವೂ ಸಂಘದವರು ಪ್ರೋತ್ಸಾಹಕ್ಕೆಂದು ಚಪ್ಪಾಳೆ ತಟ್ಟಿದರು. ತಪ್ಪು ಗ್ಲೌಸಿನದೊಂದೇ ಅಲ್ಲ. ಜನರ ನಡುವೆ ಅವನ ಅಮ್ಮ ಕೂತಿದ್ದಳು. ಬಟ್ಟೆ ಹೊಲಿಯುವ ಆ ತಾಯಿ ಕೇಸು ನಡೆದಷ್ಟು ದಿನವೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ಮಿಷನ್ನಿನಿಂದ ತಲೆ ಎತ್ತಲೇ ಇಲ್ಲ. ಅವನಿಗೆ ಕೋರ್ಟಿನ ತೀರ್ಪಿಗಿಂತ ಅವಳ ಒಂದು ಮಾತು ಬೇಕಿತ್ತು.

ಕೋಚು ಬೆವರುತ್ತಿದ್ದ, ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಬೇರೆ ಯಾರೇ ಆಗಿದ್ದರೂ ಅಷ್ಟು ಹೊತ್ತಿಗೆ ಅವರ ಏಳು ತಲೆಮಾರನ್ನು ಜಾಲಾಡಿರುತ್ತಿದ್ದ. ವಿರಾಮದಲ್ಲಿ ಗೋಡೆ ತಾನೇ ಹೋಗಿ, ತನ್ನನ್ನು ತೆಗೆಯಿರಿ ಎಂದ.

"ತೆಗೆದ್ರೆ ನಾಳೆ ಕೋರ್ಟಲ್ಲಿ ನಿಲ್ಲೋನು ಯಾರಪ್ಪ? ಚೆನ್ನಾಗೇ ಆಡ್ತಿದೀಯ, ಆಡು."

"ಮೂರು ಗೋಲು ಬಿಟ್ಟಿದೀನಿ ಸರ್. ಎಲ್ಲರನ್ನೂ ಬೈಯೋ ಹಾಗೆ ನನ್ನನ್ನೂ ಬೈರಿ. ನಾನು ಕೇಸು ಹಾಕಿದ್ದೇ ಅದಕ್ಕೆ."

ಕೋಚು ಅವನ ಮುಖ ನೋಡಿದ. ಆಮೇಲೆ ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿದ. ಎಮ್ಮೆಯನ್ನು ಕಟ್ಟಿಹಾಕಿದ್ದರೂ ಇವನಿಗಿಂತ ಚೆನ್ನಾಗಿ ಗೋಲು ಕಾಯುತ್ತಿತ್ತಂತೆ, ತೆಪ್ಪಗೆ ಬೆಂಚಿನ ಮೇಲೆ ಬಿದ್ದಿರಬೇಕಂತೆ. ಗೋಡೆ ಹೋಗಿ ಕೂತ. ತನ್ನನ್ನು ಕೂರಿಸಿದ್ದು ಕೆಟ್ಟ ಆಟಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಕೇಸು ಗೆದ್ದ ದಿನವೂ ಅವನಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಬದಲಿ ಗೋಲ್‌ಕೀಪರ್ ಮೈದಾನಕ್ಕಿಳಿದದ್ದೇ ತಡ, ಒಬ್ಬ ಹೆಂಗಸು ಬೇಲಿ ದಾಟಿ ಬಂದು ಗೋಲಿನ ಮುಂದೆ ಕೂತುಬಿಟ್ಟಳು. ಅಮ್ಮ! ಅವಳ ಹಿಂದೆ ಅಧ್ಯಕ್ಷೆ, ಅವರ ಹಿಂದೆ ಇಡೀ ಸಂಘ. ಅಮ್ಮ ಕೋಚಿನತ್ತ ಬೆರಳು ತೋರಿಸಿದಳು.

"ನನ್ನ ಮಗ ಯಾರ ಜೊತೆ ಬಾಳಿದ್ರೆ ನಿನಗೇನಯ್ಯ? ಅವನನ್ನ ಆಡಿಸೋವರೆಗೂ ನಾನು ಏಳಲ್ಲ."

ಗೋಡೆಯ ಕಣ್ಣು ತುಂಬಿ ಬಂತು. ಈ ಒಂದು ಸಲ ಮಾತ್ರ ಪಾಪ, ಕೋಚಿನ ತಪ್ಪಿರಲಿಲ್ಲ. ಹಾಗೆಂದು ಈ ತಾಯಿಗೆ ಹೇಳುವ ಎದೆ ಯಾವ ಮಗನಿಗಿದೆ? ಅವನು ಕೋಚಿನ ಕಡೆ ನೋಡದೆ ಎದ್ದುಹೋಗಿ ಅಮ್ಮನ ಪಕ್ಕದಲ್ಲಿ ಕೂತ. ತನ್ನನ್ನು ಆಡಿಸಲೇಬೇಕೆಂದು ಎಲ್ಲರ ಜೊತೆ ತಾನೂ ಕೈ ಎತ್ತಿದ.