ಗಣಪತಿ ಮುಂದಿನ ಕೆಂಪು ದೀಪ

ಲಾರಿಯೊಳಗಿನ ಗಣಪತಿ ಪಟದ ಮುಂದಿನ ಕೆಂಪು ದೀಪ ತಾನಾಗಿಯೇ ಹೊತ್ತಿಕೊಂಡಾಗ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶುಭ ಗಳಿಗೆ ಇರಬೇಕೆಂದು ವಾಚು ನೋಡಿಕೊಂಡಿದ್ದರಿಂದ ಚೆನ್ನಾಗಿ ನೆನಪಿದೆ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಹೈಸ್ಕೂಲಿನಲ್ಲಿ ಅದನ್ನೇ ಪಾಠ ಹೇಳುವವನು. ಆದರೂ ಕೈ ಮುಗಿದೆ. ಭಯ ಶುರುವಾಗಬೇಕಾದ ಹೊತ್ತಿಗೆ ಭಕ್ತಿ ಶುರುವಾದರೆ ಏನಾಗುತ್ತದೆ ಎಂಬುದಕ್ಕೆ ನನಗಿಂತ ಒಳ್ಳೆಯ ಸಾಕ್ಷಿ ನಮ್ಮ ಮೂರು ತಾಲ್ಲೂಕಿನಲ್ಲಿ ಸಿಗಲಾರ.

ತೀರ್ಥಹಳ್ಳಿಯಿಂದ ಸಾಗರಕ್ಕೆ ನನಗೆ ವರ್ಗವಾಗಿತ್ತು. ಹೆಂಡತಿ ಶಾರದೆಗೆ ಆಗ ಏಳು ತಿಂಗಳು. ಬಸ್ಸಿನ ನೂಕುನುಗ್ಗಲು ಬೇಡವೆಂದು ನೆರೆಮನೆಯ ಶೇಷಪ್ಪಗೌಡರು ತಮ್ಮ ಲಾರಿಯಲ್ಲೇ ನಮ್ಮನ್ನು ಹೊರಡಿಸಿದರು. ಹಿಂದೆ ಸಾಮಾನು, ಮುಂದೆ ಗೌಡರು, ನಾನು, ಶಾರದೆ, ನನ್ನ ಅಮ್ಮ. ಅದು ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಲಾರಿ. ಹಿಂದಿನ ವಾರವಷ್ಟೇ ಅದರ ಪ್ಲಗ್ಗುಗಳಿಗೆ ಕಿಡಿ ಒದಗಿಸುವ ಕಾಯಿಲು, ಪಾಯಿಂಟು, ಕಂಡೆನ್ಸರು ಎಲ್ಲವನ್ನೂ ಹೊಸದಾಗಿ ಹಾಕಿಸಿದ್ದರು. ಹೊಸದೆಂದರೆ ಡೂಪ್ಲಿಕೇಟು, ಒರಿಜಿನಲ್ ಮಾಡುವುದನ್ನು ಕಂಪನಿ ಯಾವ ಕಾಲದಲ್ಲೋ ಬಿಟ್ಟಿತ್ತು. ಕಿಡಿ ಹಾರುವ ಗಳಿಗೆಯನ್ನು ಮೆಕ್ಯಾನಿಕ್ ಬಾಬಣ್ಣ ಬರೀ ಕಿವಿಯಿಂದ ಕೇಳಿಯೇ ಹೊಂದಿಸಿದ್ದನಂತೆ. ಅವನ ಕಿವಿ ಸ್ವಲ್ಪ ಮಂದ ಎಂಬುದು ನಮಗೆ ಆಮೇಲೆ ತಿಳಿಯಿತು. ಇದೆಲ್ಲದರ ಜೊತೆಗೆ, ಇಂಜಿನ್ ಕಾದರೆ ಪತ್ತೆಹಚ್ಚಿ ದೀಪ ಹೊತ್ತಿಸುವ ಹಿತ್ತಾಳೆಯದೊಂದು ವಸ್ತು. ಅಂಗಡಿಯವನು ಅದಕ್ಕೆ ಸೆನ್ಸರ್ ಎಂದಿದ್ದ. ಗೌಡರ ಬಾಯಲ್ಲಿ ಅದು ಸೆನ್ಸಾರ್ ಆಗಿತ್ತು.

"ಸಿನಿಮಾದೋರಿಗೆ ಮಾತ್ರ ಅಲ್ಲ ಮೇಷ್ಟ್ರೇ, ನಮ್ ಇಂಜಿನ್‌ಗೂ ಸೆನ್ಸಾರ್ ಆಗಿದೆ. ಬಿಸಿ ಸೀನ್ ಬಂತೋ, ದೀಪ ಹತ್ಕಂಡು ಕಟ್ ಅನ್ನುತ್ತೆ!"

"ಆ ದೀಪ ಎಲ್ಲಿದೆ ಗೌಡ್ರೆ?" ಎಂದಳು ಶಾರದೆ.

"ಮುಂದ್ಗಡೆನೇ ಇದೆ ಅಂದಿದಾನೆ ಬಾಬಣ್ಣ. ಹತ್ತಿದಾಗ ಕಾಣುತ್ತೆ ಬಿಡಮ್ಮ."

ಹೊಸನಗರ ದಾಟಿದ ಮೇಲೆ ಏರು ಶುರುವಾಯಿತು. ಲಾರಿ ಆಗಾಗ ಸೈಲೆನ್ಸರಿನಲ್ಲಿ ಢಂ ಎನ್ನುತ್ತಿತ್ತು. ಪ್ರತಿ ಸಲವೂ ಶಾರದೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ನಾನು ಶಾರದೆಯನ್ನು ಹಿಡಿದುಕೊಳ್ಳುತ್ತಿದ್ದೆ. ಆಗಲೇ ಗಣಪತಿ ಬೆಳಗಿದ್ದು.

"ದೇವರು ಕಣ್ಣು ಬಿಟ್ಟ ನೋಡೋ!" ಎಂದಳು ಅಮ್ಮ.

"ಆ ಬಲ್ಬು ಹೋಗಿ ಎರಡು ವರ್ಷ ಆಗಿತ್ತು ಕಣಮ್ಮ!" ಗೌಡರು ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದರು.

"ಗೌಡ್ರೆ, ಒಂದು ಕೈ ಸಾಕು!" ಎಂದು ನಾನು ಕೂಗಿದೆ. ನನ್ನ ವಿಜ್ಞಾನ ಅವತ್ತು ಅಷ್ಟಕ್ಕೇ ಮುಗಿಯಿತು.

ಅರ್ಧ ಗಂಟೆ ಹೀಗೆ ಭಕ್ತಿಯಿಂದ ಹತ್ತಿದೆವು. ಅಮ್ಮ ಗುನುಗುತ್ತಿದ್ದ ಸ್ತೋತ್ರ ಮುಗಿಯುವುದರೊಳಗೆ ಬಾನೆಟ್ಟಿನಿಂದ ಆವಿ ನುಗ್ಗಿತು, ಇಂಜಿನ್ ಒಮ್ಮೆ ನರಳಿ ನಿಂತಿತು, ಲಾರಿ ಹಿಂದಕ್ಕೆ ಹೊರಟಿತು. ಗೌಡರು ಬ್ರೇಕಿನ ಮೇಲೆ ನಿಂತೇಬಿಟ್ಟರು. "ಹಿಡೀತಾ ಇಲ್ಲ ಮೇಷ್ಟ್ರೇ, ಹಿಡೀತಾ ಇಲ್ಲ!" ಪಕ್ಕದ ಕನ್ನಡಿಯಲ್ಲಿ ರಸ್ತೆ ಇರಲಿಲ್ಲ, ಬರೀ ಶರಾವತಿಯ ಹಿನ್ನೀರು ಕಾಣುತ್ತಿತ್ತು. ಹಾರೋಣವೆಂದರೆ ಶಾರದೆ ಹಾರುವ ಸ್ಥಿತಿಯಲ್ಲಿರಲಿಲ್ಲ. ಅವಳ ಉಗುರುಗಳು ನನ್ನ ಮಣಿಕಟ್ಟಿನಲ್ಲಿ ಇಳಿದಿದ್ದವು. ನಾನು ಎರಡೂ ಕಾಲುಗಳಿಂದ ಹಲಗೆಯನ್ನು ಒತ್ತುತ್ತಿದ್ದೆ, ಅಲ್ಲೊಂದು ಬ್ರೇಕ್ ಇದೆಯೇನೋ ಎಂಬಂತೆ.

ಮೋರಿಯ ಕಟ್ಟೆಗೆ ಹಿಂದಿನ ಚಕ್ರ ಗುದ್ದಿ ಲಾರಿ ನಿಂತಿತು. ನಮ್ಮ ರುಬ್ಬುವ ಕಲ್ಲು ಮಾತ್ರ ನಿಲ್ಲದೆ ಕೆಳಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬರಲು ಎಷ್ಟು ತಡವಾಯಿತೆಂದರೆ, ಆ ಆಳ ಇವತ್ತಿಗೂ ನನ್ನ ಹೊಟ್ಟೆಯೊಳಗಿದೆ.

ಕೆಳಗಿಳಿಸಿ ಕೂರಿಸಿ ನೀರು ಕುಡಿಸಿದ ಮೇಲೆ ಶಾರದೆ ಮೊದಲು ಆಡಿದ ಮಾತು: "ಗೌಡ್ರೆ, ಆ ಸೆನ್ಸಾರ್ ದೀಪ ಹತ್ತಲೇ ಇಲ್ವಲ್ಲ?" ಗೌಡರು ಇಂಜಿನ್ನಿನಿಂದ ಬಂದ ಹೊಸ ವೈರನ್ನು ಹಿಡಿದು ಎಳೆದರು. ಗಣಪತಿಯ ಪಟ ಕಳಚಿಕೊಂಡು ಅವರ ಕೈಗೆ ಬಂತು. ಬೇರೆ ದೀಪ ಕೂರಿಸಲು ಜಾಗವಿಲ್ಲವೆಂದು ಬಾಬಣ್ಣ ದೇವರ ದೀಪಕ್ಕೇ ಹೊಸ ಬಲ್ಬು ಹಾಕಿ, ಸೆನ್ಸಾರಿನ ವೈರು ಕೊಟ್ಟಿದ್ದ. ನಿಲ್ಲಿಸಿ, ನಿಲ್ಲಿಸಿ ಎಂದು ಅದು ಅರ್ಧ ಗಂಟೆ ಅರಚಿಕೊಂಡಿತ್ತು, ನಾವು ಪೂಜೆ ಮಾಡಿದ್ದೆವು.

"ಅವನು ಎಚ್ಚರಿಸಿದ, ನಮಗೇ ತಿಳೀಲಿಲ್ಲ," ಎಂದಳು ಅಮ್ಮ. ಈ ವಾದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಸಾಗರದ ಬಾಡಿಗೆ ಮನೆ ಸೇರಿದ ದಿನವೇ ಅವಳು ದೇವರ ಗೂಡಿನಲ್ಲಿ, ನನ್ನ ಹಾಸಿಗೆಗೆ ನೇರ ಎದುರಾಗಿ, ಕೆಂಪು ಬಲ್ಬೊಂದನ್ನು ಹಾಕಿಸಿದಳು. ಹಗಲಿರುಳೂ ಆರಿಸುವಂತಿಲ್ಲ. ನಡುರಾತ್ರಿ ಕಣ್ಣು ಬಿಟ್ಟರೆ ಕೆಂಪು. "ನಿಲ್ಸಿ ಗೌಡ್ರೆ!" ಎಂದು ಕಿರುಚಿ ನಾನು ಗೋಡೆ ಒದೆಯುತ್ತಿದ್ದೆ. ದೇವರ ದಯೆಯಿಂದ ಹೆರಿಗೆ ಸುಸೂತ್ರವಾಯಿತು. ಮಗಳು ಬಲು ಸಾಧು, ರಾತ್ರಿ ಅಳುವವಳೇ ಅಲ್ಲ. ಅವಳನ್ನು ಎಬ್ಬಿಸುತ್ತಿದ್ದವನು ನಾನು. "ಜನ ಮಗುವಿಗೆ ಜೋಗುಳ ಹಾಡ್ತಾರೆ. ನಂಗೆ ನೋಡಿ, ಮಗುವಿನ ಅಪ್ಪನಿಗೆ ಹಾಡೋ ಯೋಗ," ಎಂದು ಶಾರದೆ ಬಂದವರೆದುರು ಹೇಳುತ್ತಿದ್ದಳು.

ಕೊನೆಗೊಂದು ದಿನ ಬಲ್ಬು ಹೋಯಿತು. ಹೊಸದು ತರಲು ಅಮ್ಮ ನನ್ನನ್ನೇ ಪೇಟೆಗೆ ಕಳಿಸಿದಳು.

"ಒರಿಜಿನಲ್ ಖಾಲಿ ಸಾರ್," ಎಂದ ಅಂಗಡಿಯವನು. "ಡೂಪ್ಲಿಕೇಟ್ ಇದೆ. ಎಷ್ಟು ದಿನ ಬರುತ್ತೋ, ಗ್ಯಾರಂಟಿ ಇಲ್ಲ."

ಡೂಪ್ಲಿಕೇಟ್ ಎಂಬ ಮಾತು ಕಿವಿಗೆ ಬಿದ್ದರೇ ಬೆವರುತ್ತಿದ್ದ ನಾನು, "ಅದನ್ನೇ ಕೊಡಿ," ಎಂದೆ.

ಅಮ್ಮ ಬಲ್ಬು ಹೊತ್ತಿಸಿ ಕೈ ಮುಗಿದಳು. ಪಕ್ಕದಲ್ಲಿ ನಿಂತು ನಾನೂ ಮುಗಿದೆ, ಈ ಸಲ ಏನು ಬೇಡುತ್ತಿದ್ದೇನೆಂದು ಸರಿಯಾಗಿ ತಿಳಿದುಕೊಂಡೇ. ಊಟ ಮುಗಿಯುವುದರೊಳಗೆ ಅದು ಟಪ್ ಎಂದು ಹೋಯಿತು. ಅವತ್ತು ಮಂಗಳವಾರ, ಗಣಪತಿಯ ವಾರ. ಮನೆಮಂದಿಯೆಲ್ಲ ಬೆಳಗಾಗುವವರೆಗೆ ನಿದ್ದೆ ಮಾಡಿದೆವು.